ಎಕ್ಸ್-ರೇ ಬಾಯಿ ಬಿಡದ ವಾರಗಳು

ಕೋಲಾರದ ಮೂಳೆ ವೈದ್ಯನಿಗೆ ನಿಜವಾದ ಪೈಪೋಟಿ ಎದುರುಬೀದಿಯ ಆಸ್ಪತ್ರೆಯದಲ್ಲ, ಪುತ್ತೂರು ಕಟ್ಟಿನದು. ದಕ್ಷಿಣ ಕನ್ನಡದ ಪುತ್ತೂರಲ್ಲ, ಗಡಿಯಾಚೆ ಆಂಧ್ರದ್ದು. ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಬಿಗಿಯುತ್ತಾರೆ. ನನ್ನಲ್ಲಿ ಕಾಲಿನ ಮೂಳೆಯೊಳಗೆ ರಾಡ್, ಅಂದರೆ ಲೋಹದ ಕಂಬಿ, ಹಾಕಿಸಿಕೊಂಡವರೂ ಆರನೆಯ ವಾರದ ಎಕ್ಸ್-ರೇಯಲ್ಲಿ ಮುರಿದ ಸಂದು ಹಾಗೆಯೇ ಕಂಡರೆ ಮನಸ್ಸಿನಲ್ಲೇ ಪುತ್ತೂರಿನ ಬಸ್ ಹತ್ತಿರುತ್ತಾರೆ.

ಎಕ್ಸ್-ರೇಯ ತಪ್ಪೇನಿಲ್ಲ. ಮುರಿದಲ್ಲಿ ಮೊದಲು ಕಟ್ಟುವುದು ಹೆಪ್ಪುಗಟ್ಟಿದ ರಕ್ತ, ಆಮೇಲೆ ಮುರಿದ ತುದಿಗಳನ್ನು ಬೆಸೆಯುವ ಮೆತ್ತನೆಯ ಹೊಸ ಬೆಳವಣಿಗೆ, ಕ್ಯಾಲಸ್. ಅದಕ್ಕೆ ಸುಣ್ಣದಂಶ ಸೇರುವವರೆಗೂ ಎಕ್ಸ್-ರೇಗೆ ಅದು ಕಾಣುವುದೇ ಇಲ್ಲ. ಅಲ್ಟ್ರಾಸೌಂಡ್‌ಗೆ ಮೆತ್ತನೆಯದೂ ಕಾಣುತ್ತದೆ.

ಯಂತ್ರ ನನ್ನ ಕೋಣೆಯಲ್ಲಿಲ್ಲ. 1994ರ ಲಿಂಗಪತ್ತೆ ತಡೆ ಕಾಯ್ದೆಯಡಿ ನೋಂದಾಯಿಸಿದ ಜಾಗದಲ್ಲೇ ಅದನ್ನು ಬಳಸಬೇಕು. ಹಾಗಾಗಿ ಪರಿಚಯದ ರೇಡಿಯಾಲಜಿಸ್ಟ್ ಬಳಿಗೆ ರೋಗಿಯೊಂದಿಗೆ ನಾನೂ ಹೋಗುತ್ತೇನೆ. ಶ್ರೀನಿವಾಸಪುರದ ಕಡೆಯಿಂದ, ಮಾವಿನ ಮರದಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಿದ್ದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತರು. ‘ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಓದಿ, ‘ಇದು ಬಸುರಿಯರ ಸ್ಕ್ಯಾನಿಂಗ್ ಅಲ್ಲವೇ ಸಾರ್?’ ಎಂದರು. ಒಳಗೆ ಕರೆತರಲು ಅವರ ಸೊಸೆಯೇ ಬರಬೇಕಾಯಿತು.

ಮೊಣಕಾಲಿನ ಕೆಳಗಿನ ದಪ್ಪ ಮೂಳೆಯ ಒಳಬದಿ ಚರ್ಮದ ಕೆಳಗೇ ಇರುವುದರಿಂದ ಈ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. 10 ಮೆಗಾಹರ್ಟ್ಸ್ ಆಸುಪಾಸಿನ ಚಪ್ಪಟೆ ಪ್ರೋಬನ್ನು, ಅಂದರೆ ಚರ್ಮದ ಮೇಲಿಟ್ಟು ನೋಡುವ ಹಿಡಿಯನ್ನು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಹಿಡಿಯುತ್ತೇವೆ. ಗಟ್ಟಿ ಮೂಳೆ ಒಂದೇ ಬಿಳಿ ಗೆರೆ, ಅದರಡಿ ಕಪ್ಪು. ಮುರಿದಲ್ಲಿ ಗೆರೆ ತುಂಡಾಗುತ್ತದೆ, ಆ ಸಂದಿಯ ಆಳದಲ್ಲಿ ರಾಡ್ ಥಳಥಳಿಸುತ್ತದೆ. ಅದರ ಕೆಳಗೆ ಸಮಾನ ಅಂತರದಲ್ಲಿ ಅದರದೇ ಪ್ರತಿಧ್ವನಿಯ ಗೆರೆಗಳು. ನಾನು ಕಣ್ಣಿಟ್ಟು ನೋಡುವುದು ಈ ಹೊಳಪನ್ನೇ. ಕ್ಯಾಲಸ್ ತುಂಬಿದಂತೆ ರಾಡ್ ಮಸುಕಾಗುತ್ತದೆ, ಕೊನೆಗೆ ಮರೆಯಾಗುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರುವ ಡಾಪ್ಲರ್ ಹಾಕಿದರೆ ಹೊಸ ರಕ್ತನಾಳಗಳ ಬಣ್ಣದ ಚುಕ್ಕೆಗಳೂ ಸಿಗಬಹುದು. ಆ ಹಿರಿಯರಿಗೆ ಎರಡು ಸ್ಕ್ಯಾನಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ‘ಕಂಬಿ ಮುಚ್ಚಿಹೋಗುತ್ತಿದೆ’ ಎಂದು ಅವರೇ ಹೇಳಿದರು. ಪುತ್ತೂರಿನ ಮಾತು ಮತ್ತೆ ಬರಲಿಲ್ಲ.

ಇಷ್ಟಾದರೂ ಮೂಳೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದಕ್ಕೆ ಎಕ್ಸ್-ರೇಯೇ ಬೇಕು. ಮೂಳೆಯ ಆಚೆ ಬದಿ ಅಲ್ಟ್ರಾಸೌಂಡ್‌ಗೆ ಕಾಣದು. ದಪ್ಪ ತೊಡೆಯಲ್ಲಿ ಚಿತ್ರ ಕೆಡುತ್ತದೆ, ಮೂಳೆಯ ಮೇಲೆ ಲೋಹದ ಪ್ಲೇಟ್ ಕೂತಿದ್ದರೆ ಆ ಕಡೆಯಿಂದ ನೋಡಿ ಪ್ರಯೋಜನವಿಲ್ಲ, ಪ್ಲಾಸ್ಟರ್ ಇದ್ದರೆ ತೆಗೆಯಲೇಬೇಕು. ಹಿಡಿಯುವ ಕೈ ಬದಲಾದರೆ ಚಿತ್ರವೂ ಬದಲಾಗುತ್ತದೆ. ಅದಕ್ಕೇ ಮೊಣಕಾಲ ಚಿಪ್ಪಿನ ಕೆಳತುದಿಯಿಂದ ಎಷ್ಟು ಸೆಂಟಿಮೀಟರ್ ಎಂದು ಅಳೆದು ಚೀಟಿಯಲ್ಲಿ ಬರೆದಿಡುತ್ತೇನೆ. ಮುಂದಿನ ಸಲವೂ ಅದೇ ಜಾಗ.

ಈ ಸ್ಕ್ಯಾನ್ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಮೂಳೆ ಕೂಡಲು ತಡವಾಗುವ ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ. ಒಂಬತ್ತು ತಿಂಗಳು ಕಳೆದು, ಅದರ ಕೊನೆಯ ಮೂರು ತಿಂಗಳಲ್ಲಿ ಪ್ರಗತಿಯೇ ಇಲ್ಲದಿದ್ದರೆ ‘ಕೂಡಿಲ್ಲ’ ಎನ್ನುವುದು ಪುಸ್ತಕದ ಲೆಕ್ಕ. ಕೂಲಿಯವನಿಗೆ ಒಂಬತ್ತು ತಿಂಗಳೆಂದರೆ ಸಾಲ. ಮೂರನೆಯ ತಿಂಗಳಲ್ಲೂ ರಾಡ್ ಮೊದಲಿನಷ್ಟೇ ಹೊಳೆಯುತ್ತಿದ್ದರೆ ನಾನು ಸುಮ್ಮನೆ ಕೂರುವುದಿಲ್ಲ. ಬೀಡಿ ಬಿಡಿಸುವ ಮಾತು, ಸಕ್ಕರೆಯ ಹತೋಟಿ ಮೊದಲು. ಮುರಿತದ ಬಗೆ ಒಪ್ಪುವಂತಿದ್ದರೆ ರಾಡನ್ನು ಮೂಳೆಗೆ ಬಿಗಿದಿರುವ ಒಂದು ತುದಿಯ ಅಡ್ಡ ಸ್ಕ್ರೂ ತೆಗೆದು, ಮೈಭಾರ ಸಂದಿನ ಮೇಲೆ ಬೀಳುವಂತೆ ನಡೆಸುತ್ತೇನೆ. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್.