583101 ಒಡೆಯುವುದು ಹೇಗೆ?

ಬಳ್ಳಾರಿ ಮುಖ್ಯ ಅಂಚೆ ಕಚೇರಿಯ ಪಿನ್‌ಕೋಡ್ 583101. ಇದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಿರಿ ಅಂತ ಟ್ಯೂಷನ್ ಮಕ್ಕಳಿಗೆ ಕೊಡುತ್ತಿರುತ್ತೇನೆ. ಹೆಚ್ಚಿನವರು ಅರ್ಧದಲ್ಲೇ ಪೆನ್ ಇಟ್ಟುಬಿಡುತ್ತಾರೆ. ಮಜಾ ಇರುವುದೇ ಅಲ್ಲಿಂದ ಮುಂದೆ.

ಮೊದಲ ಹಂತ ಸುಲಭ. ಕೊನೆಯ ಅಂಕಿ 1, ಹಾಗಾಗಿ 2, 5 ಬಿಡಿ. ಅಂಕಿಗಳನ್ನು ಕೂಡಿದರೆ 18, ಅಂದರೆ 9ರಿಂದ ಭಾಗ ಹೋಗುತ್ತದೆ. ಉಳಿಯುವುದು 64789.

ಈಗ ಕಷ್ಟದ ಹಂತ. ಮತ್ತೆ 3, ಆಮೇಲೆ 7, 11, 13 ಯಾವುದರಿಂದಲೂ ಹೋಗುವುದಿಲ್ಲ. "ಸರ, ಇನ್ನ ಇದು ಹೋಗಲ್ರೀ" ಎಂಬ ಮಾತು ಬರುವುದು ಇಲ್ಲೇ. ನಿಲ್ಲಬೇಡಿ. ಎಲ್ಲಿಯವರೆಗೆ ನೋಡಬೇಕು ಅನ್ನುವುದಕ್ಕೆ ಲೆಕ್ಕವಿದೆ: 255ನ್ನು 255ರಿಂದ ಗುಣಿಸಿದರೆ 65025, ನಮ್ಮ ಸಂಖ್ಯೆಗಿಂತ ಜಾಸ್ತಿ. ಗುಣಿಸಿದಾಗ 64789 ಕೊಡುವ ಜೋಡಿ ಇದ್ದರೆ, ಅದರಲ್ಲಿ ಒಂದಾದರೂ 255ಕ್ಕಿಂತ ಚಿಕ್ಕದಿರಲೇಬೇಕು. ಹಾಗಾಗಿ ಅವಿಭಾಜ್ಯಗಳನ್ನು 251ರವರೆಗೆ ನೋಡಿದರೆ ಸಾಕು, ಆದರೆ ಅಲ್ಲಿಯವರೆಗೆ ನೋಡಲೇಬೇಕು.

ಅವಿಭಾಜ್ಯಗಳ ಪಟ್ಟಿ ನೀವೇ ಬರೆದುಕೊಳ್ಳಿ. ಜಾತ್ರೆಯಲ್ಲಿ ನಾನು ಕೊಂಡ ಚಾರ್ಟ್‌ನಲ್ಲಿ 91 ಅವಿಭಾಜ್ಯ ಅಂತ ಅಚ್ಚಾಗಿತ್ತು. ಏಳು ಹದಿಮೂರಲೆ ತೊಂಬತ್ತೊಂದು ಅಲ್ವಾ? ಮೊಬೈಲ್ ಆ್ಯಪ್ ಕೂಡ ಬೇಡ. ಉತ್ತರ ಸಿಗುತ್ತದೆ, ಕೈಗೆ ಲೆಕ್ಕ ಹತ್ತುವುದಿಲ್ಲ.

ಒಂದೊಂದಾಗಿ ಭಾಗಿಸುತ್ತಾ ಹೋಗಿ. 59ಕ್ಕೆ ಶೇಷ 7. 61ಕ್ಕೂ ಶೇಷ 7. ಮುಂದಿನದು 67. 647ರಲ್ಲಿ 67 ಒಂಬತ್ತು ಸಲ ಹೋಗುತ್ತದೆ, 603 ಕಳೆದರೆ 44. ಮೇಲಿನ 8 ಇಳಿಸಿ, 448. ಆರು ಸಲ, 402 ಕಳೆದರೆ 46. ಕೊನೆಯ 9 ಇಳಿಸಿ, 469. ಏಳು ಸಲಕ್ಕೆ ಸರಿಯಾಗಿ 469. ಶೇಷ ಸೊನ್ನೆ! ಭಾಗಲಬ್ಧ 967.

ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. 967ನ್ನು ಹಿಡಿದು ಮತ್ತೆ 3, 7, 11 ಅಂತ ಮೊದಲಿಂದ ಶುರು ಮಾಡುತ್ತಾರೆ. ಸುಮ್ನೆ ಶ್ರಮ. 64789ಕ್ಕೆ ಹೋಗದ ಸಂಖ್ಯೆ ಅದರ ಭಾಗವಾದ 967ಕ್ಕೂ ಹೋಗುವುದಿಲ್ಲ. 967ಕ್ಕೆ 31ರವರೆಗೆ ನೋಡಿದರೆ ಸಾಕು, ಅವನ್ನೆಲ್ಲ ಆಗಲೇ ನೋಡಿಯಾಗಿದೆ. ಹಾಗಾಗಿ 967 ಅವಿಭಾಜ್ಯ.

ಉತ್ತರ: 583101 = 3 × 3 × 67 × 967. ತಾಳೆ ನೋಡದೆ ಪುಸ್ತಕ ಮುಚ್ಚಬೇಡಿ. 67ರಿಂದ 967ನ್ನು ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ.

ಮುಂದೆ ಕೊಪ್ಪಳದ 583231 ತೆಗೆದುಕೊಳ್ಳಿ. ಒಂದು ಬಿಟ್ಟು ಒಂದು ಅಂಕಿ ಕೂಡಿ: 5, 3, 3 ಸೇರಿ 11. ಉಳಿದ 8, 2, 1 ಸೇರಿದರೂ 11. ಎರಡೂ ಸಮ ಬಂದರೆ 11ರಿಂದ ಭಾಗ ಹೋಗುತ್ತದೆ. ಉಳಿದ 53021ನ್ನು ಮೇಲಿನಂತೆಯೇ ಒಡೆಯಿರಿ. 37 ಮತ್ತು 1433 ಬಂದರೆ ನಿಮ್ಮ ಲೆಕ್ಕ ಸರಿ.