ಒಕವಾಂಗೊ ಜೌಗಿನ ಡೇರೆಯಲ್ಲಿ ತಂಗುವುದು ಹೇಗೆ?

ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿರುವ ಒಕವಾಂಗೊ ನದಿಯು ಸಮುದ್ರವನ್ನು ಸೇರುವುದಿಲ್ಲ. ಅಂಗೋಲದ ಎತ್ತರದ ನೆಲದಲ್ಲಿ ಹುಟ್ಟಿ, ಕಲಹಾರಿಯ ಮರಳಿನ ಮೇಲೆ ಕವಲು ಕವಲಾಗಿ ಹರಡಿಕೊಂಡು, ಬಹುಪಾಲು ಅಲ್ಲಿಯೇ ಆವಿಯಾಗಿ ಮುಗಿದುಹೋಗುತ್ತದೆ. ಈ ಜೌಗು ಪ್ರದೇಶವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು; ಅದು ಆ ಪಟ್ಟಿಯ 1000ನೆಯ ತಾಣ. ಇಲ್ಲಿ ಡೇರೆಯಲ್ಲಿ ತಂಗಲು ಬಯಸುವವರು ಸಾಮಾನ್ಯವಾಗಿ ನೋಡಬೇಕಾದ ಪ್ರಾಣಿಗಳ ಪಟ್ಟಿಯನ್ನು ಹಿಡಿದು ಸಿದ್ಧತೆ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ನೀರಿನ ಲೆಕ್ಕದಿಂದ.

ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಿ. ಅಂಗೋಲದಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸುರಿದ ಮಳೆಯ ನೀರು ಇಳಿದು ಬರುತ್ತದೆಯಾದರೂ, ಈ ನೆಲ ಎಷ್ಟು ಸಮತಟ್ಟಾಗಿದೆಯೆಂದರೆ ಸುಮಾರು 250 ಕಿಲೋಮೀಟರ್ ಉದ್ದದ ಜೌಗಿನಲ್ಲಿ ಹರಡಿಕೊಳ್ಳಲು ಅದಕ್ಕೆ ನಾಲ್ಕು ತಿಂಗಳು ಬೇಕಾಗುತ್ತದೆ. ಹೀಗಾಗಿ ಸ್ಥಳೀಯವಾಗಿ ಒಂದು ಹನಿಯೂ ಬೀಳದ ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲೇ ಪ್ರವಾಹ ತುಂಬಿರುತ್ತದೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಸರಿದು ಹುಲ್ಲು ಚಿಗುರಿದಾಗ ಆನೆಗಳು ಸೇರುವುದನ್ನು ಕಂಡವರಿಗೆ ಇದು ತಿರುಗುಮುರುಗಾಗಿ ತೋರುತ್ತದೆ: ಇಲ್ಲಿ ಒಣಗಾಲಕ್ಕೆ ಸರಿಯಾಗಿ ನೀರು ಏರುತ್ತದೆ, ಸುತ್ತಲಿನ ಬರಡು ನೆಲದ ಪ್ರಾಣಿಗಳು ಅದನ್ನು ಅರಸಿ ಬರುತ್ತವೆ. ದೋಣಿಯಲ್ಲಿ ಸಾಗಬೇಕೆಂದರೆ ಈ ಮೂರು ತಿಂಗಳು ಉತ್ತಮ. ನೀರು ಇಳಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಪ್ರಾಣಿಗಳು ಹೆಚ್ಚು ಕಾಣುತ್ತವೆ, ಆದರೆ ಅಕ್ಟೋಬರ್‌ನ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಪ್ರವಾಹ ಎಲ್ಲ ವರ್ಷವೂ ಒಂದೇ ಸಮನಾಗಿ ಬರುವುದಿಲ್ಲವಾದ್ದರಿಂದ, ಹಣ ಕಟ್ಟುವ ಮೊದಲು ಆ ವರ್ಷದ ನೀರಿನ ಮಟ್ಟ ಹೇಗಿದೆಯೆಂದು ಕ್ಯಾಂಪಿನವರನ್ನೇ ಕೇಳಿ.

ನಂತರ ಕ್ಯಾಂಪಿನ ಆಯ್ಕೆ. ನೀರಿನ ನಡುವಿನ ದ್ವೀಪಗಳಲ್ಲಿರುವ ಕ್ಯಾಂಪುಗಳಲ್ಲಿ ಓಡಾಟವೆಲ್ಲ ದೋಣಿಯಲ್ಲೇ. ಪ್ರವಾಹ ತುಂಬಿದಾಗ ಅನೇಕ ಕಡೆ ಜೀಪ್ ಸಫಾರಿ ಇರುವುದಿಲ್ಲ. ಸಿಂಹ, ಚಿರತೆ, ಕಾಡುನಾಯಿಗಳನ್ನು ಕಾಣಬೇಕೆಂದರೆ ಒಣನೆಲದ ಕ್ಯಾಂಪು ಬೇಕು. ಐದು ರಾತ್ರಿಗಳಿದ್ದರೆ ಎರಡನ್ನು ನೀರಿನ ಕ್ಯಾಂಪಿನಲ್ಲಿ, ಮೂರನ್ನು ಒಣನೆಲದಲ್ಲಿ ಕಳೆಯುವುದು ಲೇಸೆಂದು ನಾನು ಹೇಳುತ್ತೇನೆ. ಪ್ರವಾಸಿಗರು ಕಡಿಮೆ ಇರಲಿ, ಬೆಲೆ ಹೆಚ್ಚಿರಲಿ ಎಂಬುದು ಬೋಟ್ಸ್ವಾನಾ ಬಹುಕಾಲದಿಂದ ಅನುಸರಿಸಿಕೊಂಡು ಬಂದ ನೀತಿಯಾದ್ದರಿಂದ ವಿಮಾನದಲ್ಲಿ ಮಾತ್ರ ತಲುಪಬಹುದಾದ ಕ್ಯಾಂಪುಗಳು ದುಬಾರಿ. ಕೈಗೆಟುಕುವ ದಾರಿಯೂ ಉಂಟು: ಮೌನ್ ಪಟ್ಟಣದಿಂದ ರಸ್ತೆಯಲ್ಲಿ ಹೊರಡುವ ಸಂಚಾರಿ ಕ್ಯಾಂಪುಗಳಲ್ಲಿ ಕ್ಯಾನ್ವಾಸ್ ಡೇರೆ, ಬಕೆಟ್ ತೂಗಿಸಿದ ಶವರ್ ಮತ್ತು ಗುಂಡಿ ಶೌಚಾಲಯ ಇರುತ್ತವೆ. ಬಟವಾನ ಜನರು 1963ರಲ್ಲಿ ತಮ್ಮದೇ ನೆಲದಲ್ಲಿ ಸ್ಥಾಪಿಸಿದ ಮೊರೆಮಿ ಅಭಯಾರಣ್ಯದ ಗಡಿಯಲ್ಲಿ, ಖ್ವಾಯ್ ಹಳ್ಳಿಯ ಸಮುದಾಯವು ನಡೆಸುವ ತಾಣಗಳಲ್ಲಿ ತಂಗಿದರೆ ಹಣದ ಒಂದು ಪಾಲು ಹಳ್ಳಿಗೇ ಸೇರುತ್ತದೆ.

ಸಾಮಾನು ಕಟ್ಟುವಾಗ ತೂಕದಷ್ಟೇ ಚೀಲದ ಆಕಾರವೂ ಮುಖ್ಯ. ಮೌನ್‌ನಿಂದ ಹಾರುವ ಪುಟ್ಟ ವಿಮಾನಗಳ ಸಾಮಾನಿನ ಗೂಡು ಕಿರಿದಾದ್ದರಿಂದ ಗಟ್ಟಿ ಸೂಟ್‌ಕೇಸು ಅದರೊಳಗೆ ಹಿಡಿಯುವುದಿಲ್ಲ. ಚಕ್ರವಿಲ್ಲದ ಮೆತ್ತನೆಯ ಬಟ್ಟೆಚೀಲವನ್ನೇ ಒಯ್ಯಿರಿ. ಕ್ಯಾಮೆರಾ ಸೇರಿ 15ರಿಂದ 20 ಕಿಲೋ ಸಾಮಾನ್ಯ ಮಿತಿ. ಆಫ್ರಿಕಾವೆಂದರೆ ಬಿಸಿಲೆಂಬ ನಂಬಿಕೆಯಿಂದ ತೆಳ್ಳಗಿನ ಬಟ್ಟೆಯನ್ನಷ್ಟೇ ತಂದವರು ಜುಲೈ ತಿಂಗಳ ಮುಂಜಾನೆ ತೆರೆದ ಜೀಪಿನಲ್ಲಿ ನಡುಗಬೇಕಾಗುತ್ತದೆ. ಸ್ವೆಟರ್, ಮಂಕಿ ಟೋಪಿ ಇರಲಿ. ಡ್ರೋನ್ ಬೇಡ.

ಮಲೇರಿಯಾ ಇಲ್ಲಿ ನಿಜವಾದ ಅಪಾಯ, ಮಳೆಗಾಲದಲ್ಲಂತೂ ಹೆಚ್ಚು. ತಡೆಮಾತ್ರೆಗಳ ಬಗ್ಗೆ ಹೊರಡುವುದಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಬೆಂಗಳೂರಿನಿಂದ ಹೊರಟು ಅಡಿಸ್ ಅಬಾಬ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ನಿಯಮವನ್ನು ಬೋಟ್ಸ್ವಾನಾ, ಭಾರತ ಎರಡೂ ದೇಶಗಳ ಕಡೆಯಿಂದ ಪರಿಶೀಲಿಸಿಕೊಳ್ಳಬೇಕು, ಏಕೆಂದರೆ ಮರಳಿ ಬರುವಾಗ ಭಾರತವೇ ಅದನ್ನು ಕೇಳಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಆ ಪತ್ರಕ್ಕೆ ಮಾನ್ಯತೆ. ಸಸ್ಯಾಹಾರಿಗಳು ಮೊಟ್ಟೆ, ಮೀನುಗಳನ್ನೂ ತಿನ್ನುವುದಿಲ್ಲವೆಂದು ಮುಂಗಡವಾಗಿ ಬಿಡಿಸಿ ಬರೆದು ತಿಳಿಸಿ. ಅಡುಗೆ ಸಾಮಾನು ಹೊರಗಿನಿಂದ ಬರಬೇಕಾದ ಕಾರಣ ಅಲ್ಲಿ ತಲುಪಿದ ಮೇಲೆ ಹೇಳಿದರೆ ಪ್ರಯೋಜನವಾಗದು.

ಕ್ಯಾಂಪಿಗೆ ಕಾಲಿಟ್ಟೊಡನೆ ಗೈಡ್ ನಿಯಮಗಳನ್ನು ವಿವರಿಸುತ್ತಾರೆ. ಅಲ್ಲಿನ ಸೆಟ್ಸ್ವಾನಾ ಭಾಷೆಯಲ್ಲಿ ‘ದುಮೇಲಾ ರ್ರಾ’ ಎಂದು ಪುರುಷರಿಗೆ, ‘ದುಮೇಲಾ ಮ್ಮಾ’ ಎಂದು ಮಹಿಳೆಯರಿಗೆ ನಮಸ್ಕಾರ ಹೇಳಿ ಗಮನವಿಟ್ಟು ಕೇಳಿ, ಏಕೆಂದರೆ ಹೆಚ್ಚಿನ ಕ್ಯಾಂಪುಗಳಿಗೆ ಬೇಲಿಯಿಲ್ಲ. ಹಿಪ್ಪೊ ಎಂದು ನಾವು ಕರೆಯುವ ನೀರಾನೆ ಹಗಲೆಲ್ಲ ನೀರಿನಲ್ಲಿದ್ದು ಕತ್ತಲಾದ ಮೇಲೆ ಹುಲ್ಲು ಮೇಯಲು ದಡಕ್ಕೆ ಏರುತ್ತದೆ; ಡೇರೆಗಳ ನಡುವಿನ ಕಾಲುದಾರಿ ಅದರ ದಾರಿಯೂ ಹೌದು. ಆದ್ದರಿಂದ ಸಂಜೆಯ ನಂತರ ಊಟದ ಜಾಗಕ್ಕೆ ಹೋಗುವುದಾಗಲಿ, ಹಿಂದಿರುಗುವುದಾಗಲಿ ಕ್ಯಾಂಪಿನ ಸಿಬ್ಬಂದಿಯ ಜೊತೆಯಲ್ಲೇ ಆಗಬೇಕು, ನಡೆಯಬೇಕಾದದ್ದು ಇಪ್ಪತ್ತೇ ಹೆಜ್ಜೆಯಾದರೂ ಸರಿ.

ಬಟ್ಟೆಯ ಗೋಡೆ ಸಿಂಹವನ್ನು ತಡೆಯುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಬಲದ ಲೆಕ್ಕದಲ್ಲಿ ತಡೆಯದು. ಆದರೆ ಜಿಪ್ ಪೂರ್ತಿ ಎಳೆದು ಮುಚ್ಚಿದ ಡೇರೆಯನ್ನು ಪ್ರಾಣಿಗಳು ಹುತ್ತವೋ ಬಂಡೆಯೋ ಎಂಬಂತೆ ಒಂದು ಗಟ್ಟಿ ವಸ್ತುವಾಗಿ ಕಂಡು ಬಳಸಿಕೊಂಡು ಹೋಗುತ್ತವೆ. ಅರ್ಧ ತೆರೆದ ಬಾಗಿಲು ಈ ರಕ್ಷಣೆಯನ್ನು ಕಳೆಯುತ್ತದೆ; ಒಳಗಿಟ್ಟ ಕಿತ್ತಳೆ ಹಣ್ಣಿನ ವಾಸನೆಗೆ ಆನೆ ಬಂದೀತು. ಮನೆಯಿಂದ ತಂದ ಚಕ್ಕುಲಿ, ಕೋಡುಬಳೆಗಳನ್ನೂ ಅಡುಗೆಮನೆಗೆ ಒಪ್ಪಿಸಿಬಿಡಿ. ರಾತ್ರಿ ಹೊರಗೆ ಹುಲ್ಲು ಕಿತ್ತು ಅಗಿಯುವ ಸದ್ದು ಕೇಳಿದರೆ ಟಾರ್ಚ್ ಹಾಯಿಸದೆ, ಮಾತಾಡದೆ ಮಲಗಿರಿ. ಡೇರೆಯಲ್ಲಿ ಇಟ್ಟಿರುವ ಸೀಟಿ ಅಥವಾ ಹಾರನ್ ನಿಜವಾದ ಆಪತ್ತಿಗೆ ಮಾತ್ರ. ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಿ.

ಕೊನೆಯದಾಗಿ ಮೊಕೊರೊ. ಹಿಂದೆ ದೊಡ್ಡ ಮರದ ಕಾಂಡವನ್ನು ಕೊರೆದು ಮಾಡುತ್ತಿದ್ದ ಈ ಕಿರಿದಾದ ದೋಣಿಯನ್ನು ಮರಗಳನ್ನು ಉಳಿಸಲು ಈಗ ಹೆಚ್ಚಾಗಿ ಫೈಬರ್ ಗ್ಲಾಸ್‌ನಿಂದ ಮಾಡುತ್ತಾರೆ. ಅಂಬಿಗನು ಹಿಂದೆ ನಿಂತು ಉದ್ದದ ಗಳುವಿನಿಂದ ತಳವನ್ನು ಒತ್ತುತ್ತಾ ನಡೆಸುತ್ತಾನೆ. ನೀರಿನ ಮಟ್ಟವು ದೋಣಿಯ ಅಂಚಿಗೆ ಕೆಲವೇ ಅಂಗುಲ ಕೆಳಗಿರುವುದರಿಂದ ತಗ್ಗಿನಲ್ಲಿ ಕುಳಿತು, ಫೋಟೊಗೆಂದು ಏಳದೆ, ಕೈಯನ್ನು ನೀರಿಗೆ ಇಳಿಬಿಡದೆ ಇರಬೇಕು, ಮೊಸಳೆಗಳಿವೆ. ಪಪೈರಸ್ ಜೊಂಡಿನ ನಡುವಿನ ಎಷ್ಟೋ ಕಾಲುವೆಗಳು ನೀರಾನೆಗಳ ಓಡಾಟದಿಂದಲೇ ಮುಚ್ಚಿಹೋಗದೆ ಉಳಿದಿವೆ. ಆಳವಾದ ಮಡುವಿನ ಬಾಯಲ್ಲಿ ಅಂಬಿಗನು ಗಳುವನ್ನು ಊರಿ ನಿಂತರೆ, ಮುಂದೆ ಹೋಗೋಣವೆಂದು ಅವನನ್ನು ಅವಸರಿಸಬೇಡಿ. ನಿಮಗೆ ಕಾಣದ ಗುಳ್ಳೆಗಳು ಅವನಿಗೆ ಕಂಡಿರುತ್ತವೆ.