ನೂರು ಮೈಲಿ ಕಾಡಿಗೆ ಹೊರಟವರ ಬುತ್ತಿ

ಅಪಲಾಚಿಯನ್ ಟ್ರೈಲ್ ಅಂದರೆ ಜಾರ್ಜಿಯಾದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಸುಮಾರು 3,500 ಕಿ.ಮೀ. ಕಾಲುಹಾದಿ. ಅದರ ಉತ್ತರದ ತುದಿಗೆ ಸ್ವಲ್ಪ ಮೊದಲು, ಮಾನ್ಸನ್ ಎಂಬ ಪುಟ್ಟ ಊರಿನಿಂದ ಏಬಲ್ ಸೇತುವೆಯವರೆಗೆ, ನೂರು ಮೈಲಿ ಉದ್ದಕ್ಕೂ ಒಂದು ಊರಿಲ್ಲ, ಒಂದು ಅಂಗಡಿಯಿಲ್ಲ. ಅದಕ್ಕೇ ಅದರ ಹೆಸರು ಹಂಡ್ರೆಡ್ ಮೈಲ್ ವೈಲ್ಡರ್‌ನೆಸ್. ಬಾಸ್ಟನ್ನಿನಲ್ಲಿರುವ ನಾನೂ ನನ್ನ ಭಾವಮೈದುನನೂ ಆಗಸ್ಟ್ ಕೊನೆಗೆ ಈ ಭಾಗವನ್ನು ನಡೆದೆವು. ಮೇ, ಜೂನ್‌ನಲ್ಲಿ ಅಲ್ಲಿ ಬ್ಲ್ಯಾಕ್ ಫ್ಲೈ ಎಂಬ ಕಚ್ಚುವ ನೊಣದ ಕಾಟ ವಿಪರೀತ. ಆಗಸ್ಟ್ ಮುಗಿಯುವ ಹೊತ್ತಿಗೆ ಅದು ಇರುವುದಿಲ್ಲ, ಹೊಳೆಗಳ ನೀರೂ ಸಾಮಾನ್ಯವಾಗಿ ಇಳಿದಿರುತ್ತದೆ.

ಕಾಡು ಶುರುವಾಗುವಲ್ಲೇ ಒಂದು ಫಲಕವಿದೆ: ಹತ್ತು ದಿನಕ್ಕಾಗುವಷ್ಟು ಸಾಮಾನು ಇಲ್ಲದಿದ್ದರೆ ಮುಂದೆ ಹೋಗಬೇಡಿ ಅಂತ. ನಾನು ತಲೆಗೆ ದಿನಕ್ಕೆ 700 ಗ್ರಾಂ ಲೆಕ್ಕ ಹಿಡಿದೆ. ಹತ್ತು ದಿನಕ್ಕೆ ಏಳು ಕಿಲೋ. ಗುಡಾರ, ನೀರು, ಬಟ್ಟೆಯ ಮೇಲೆ ಈ ಏಳು ಕಿಲೋ ಸೇರಿದಾಗಲೇ ಹಾದಿಯ ಅತಿ ಕಷ್ಟದ ಭಾಗವೂ ಎದುರಾಗುತ್ತದೆ. ದಾರಿಯ ನಡುವೆ ಮರ ಸಾಗಿಸುವ ಮಣ್ಣುರಸ್ತೆಗಳು ಅಡ್ಡ ಹಾಯುತ್ತವೆ. ಮಾನ್ಸನ್ನಿನಲ್ಲಿ ದುಡ್ಡು ಕೊಟ್ಟರೆ ಅಂಥ ರಸ್ತೆಯ ಹತ್ತಿರ ನಮ್ಮ ಆಹಾರದ ಬಕೆಟ್ ಇಟ್ಟು ಬರುತ್ತಾರೆ. ಅರ್ಧ ಆಹಾರ ಹಾಗೆ ಕಳಿಸಿದೆವು. ಮಂಡಿಯ ಮೇಲೆ ಪ್ರೀತಿಯಿರುವ ಯಾರೇ ಆದರೂ ಹಾಗೇ ಮಾಡಿ ಅನ್ನುತ್ತೇನೆ.

ಅಂಗಡಿಯಲ್ಲಿ ಸಿಗುವ ಒಣ ಊಟದ ಪೊಟ್ಟಣ ನಾವು ತೆಗೆದುಕೊಳ್ಳಲಿಲ್ಲ. ಹುಣಸೆ, ಬೆಲ್ಲ, ಸಾರಿನಪುಡಿ ಕುದಿಸಿ ಗಟ್ಟಿಯಾಗಿಸಿದ ಗೊಜ್ಜು ಒಂದು ಡಬ್ಬಿ, ತರಿಯಾಗಿ ಪುಡಿಮಾಡಿದ ಗಟ್ಟಿ ಅವಲಕ್ಕಿ ಒಂದು ಚೀಲ, ಒಣಕೊಬ್ಬರಿ. ತಣ್ಣೀರಿನಲ್ಲಿ ನೆನೆಸಿಟ್ಟು ಬೂಟು ಬಿಚ್ಚಿ ಕಾಲು ಒರೆಸಿಕೊಳ್ಳುವಷ್ಟರಲ್ಲಿ ಗೊಜ್ಜವಲಕ್ಕಿ ಸಿದ್ಧ. ಒಲೆ ಹಚ್ಚಬೇಕಿಲ್ಲ, ಗ್ಯಾಸ್ ಉಳಿಯುತ್ತದೆ. ಬೆಳಿಗ್ಗೆ ಹುರಿಹಿಟ್ಟಿಗೆ ಬೆಲ್ಲ, ರಾತ್ರಿ ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದಿಟ್ಟ ರವೆಯ ಉಪ್ಪಿಟ್ಟು. ಎಲ್ಲದರ ಮೇಲೂ ಧಾರಾಳವಾಗಿ ತುಪ್ಪ. ಗ್ರಾಂಗೆ ಒಂಬತ್ತು ಕ್ಯಾಲೊರಿ ಹತ್ತಿರ ಕೊಡುವ ಪದಾರ್ಥ ಅದು, ಹೊರುವ ತೂಕಕ್ಕೆ ಅದಕ್ಕಿಂತ ಹೆಚ್ಚು ಶಕ್ತಿ ಬೇರೆ ಯಾವುದರಿಂದಲೂ ಸಿಗಲಿಲ್ಲ. ರಾತ್ರಿ ಎಲ್ಲ ಚೀಲಗಳನ್ನೂ ಹಗ್ಗ ಕಟ್ಟಿ ಮರದ ಕೊಂಬೆಗೆ ಎತ್ತರಕ್ಕೆ ಏರಿಸುತ್ತಿದ್ದೆವು. ಕರಡಿಗೆ ಅಂತ ಮಾಡುವ ಏರ್ಪಾಡು ಇದು. ಆದರೆ ಲೀನ್-ಟೂ ಎಂಬ ಮೂರು ಗೋಡೆಯ ಮರದ ತಂಗುದಾಣಗಳಲ್ಲಿ ಇಲಿಗಳಿಂದಲೂ ಅದೇ ಕಾಪಾಡುತ್ತದೆ.

ಹಲವು ಹೊಳೆಗಳಿಗೆ ಸೇತುವೆಯಿಲ್ಲ. ಬಿಗ್ ವಿಲ್ಸನ್ ಹೊಳೆಗೆ ಬಂದಾಗ ಮಧ್ಯಾಹ್ನದ ಮಳೆ ಆಗಷ್ಟೇ ನಿಂತಿತ್ತು, ನೀರು ಕಂದಾಗಿ ತೊಡೆಯ ಮಟ್ಟಕ್ಕೆ ಹರಿಯುತ್ತಿತ್ತು.

"ಭಾವ, ಈಗಲೇ ದಾಟಿಬಿಡೋಣವಾ?"

"ಬೇಡಪ್ಪ. ಮಳೆ ನಿಂತಿದೆ, ಬೆಳಗಾಗೋದರೊಳಗೆ ನೀರು ತಾನೇ ಇಳಿಯುತ್ತೆ."

ದಡದಿಂದ ಹಿಂದೆ ಸರಿದು ಗುಡಾರ ಹಾಕಿದೆವು. ಬೆಳಿಗ್ಗೆ ನೀರು ಮಂಡಿಗಿಂತ ಕೆಳಗಿತ್ತು. ಹೊಳೆ ಅಗಲವಾಗಿರುವ ಕಡೆ ಆಳ ಕಡಿಮೆ, ಅಲ್ಲೇ ದಾಟಬೇಕು. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಬೇಕು, ಬಿದ್ದರೆ ಬ್ಯಾಗನ್ನು ಕಳಚಿ ಏಳಬಹುದು. ಬರಿಗಾಲು ಬೇಡ, ಕಲ್ಲುಗಳು ಜಾರುತ್ತವೆ. ಮುಖ ಹರಿವಿಗೆ ಎದುರಾಗಿ, ಕೋಲು ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದು.

ಆಮೇಲೆ ಬ್ಯಾರನ್–ಚೇರ್‌ಬ್ಯಾಕ್ ಬೆಟ್ಟಸಾಲು. ಬ್ಯಾರನ್ ಬೆಟ್ಟ ನಮ್ಮ ಕುಮಾರ ಪರ್ವತದ ಅರ್ಧದಷ್ಟೂ ಎತ್ತರವಿಲ್ಲ. ಆದರೂ ಈ ಸಾಲಿನಲ್ಲಿ ನಮ್ಮ ವೇಗ ಗಂಟೆಗೆ ಎರಡು ಕಿ.ಮೀ. ದಾಟಲಿಲ್ಲ. ನೆಲವೆಲ್ಲ ಹಗ್ಗ ಹರವಿದಂತೆ ಸ್ಪ್ರೂಸ್ ಮರದ ಬೇರು, ಕೆಸರಿನ ಮೇಲೆ ಹಾಸಿದ ಒದ್ದೆ ದಿಮ್ಮಿ, ಇಳಿದ ಕೂಡಲೇ ಮತ್ತೆ ಏರು. ಎತ್ತರ ನೋಡಿ ದಿನದ ಗುರಿ ಇಟ್ಟುಕೊಳ್ಳುವುದು ಇಲ್ಲಿ ಕೆಲಸಕ್ಕೆ ಬಾರದು. ನಾವು ಮೊದಲರ್ಧಕ್ಕೆ ದಿನಕ್ಕೆ ಹನ್ನೆರಡು ಕಿ.ಮೀ. ಸಾಕು ಅಂತ ಮೊದಲೇ ತೀರ್ಮಾನಿಸಿದ್ದೆವು, ಅದಕ್ಕಿಂತ ಹೆಚ್ಚು ಒಂದು ದಿನವೂ ಆಸೆಪಡಲಿಲ್ಲ.

ವೈಟ್ ಕ್ಯಾಪ್ ಬೆಟ್ಟದ ಮೇಲೆ ಹಾದಿ ತಿರುಗಿದಲ್ಲಿ ಕಟಾಡಿನ್ ಮೊದಲ ಸಲ ಪೂರ್ತಿಯಾಗಿ ಕಂಡಿತು. ಇಬ್ಬರೂ ಬ್ಯಾಗ್ ಇಳಿಸಿ ಬಂಡೆಯ ಮೇಲೆ ತುಂಬ ಹೊತ್ತು ಕೂತೆವು. ಅಲ್ಲಿಂದ ಮುಂದೆ ನೆಲ ಸಮವಾಗುತ್ತದೆ, ಕೆರೆಗಳ ಅಂಚಿನಲ್ಲೇ ದಾರಿ. ಹಗುರಾದ ಬೆನ್ನಿಗೆ ದಿನಕ್ಕೆ ಇಪ್ಪತ್ತೈದು ಕಿ.ಮೀ. ಕೂಡ ಹೊರೆಯಾಗಲಿಲ್ಲ. ಜೋ-ಮೇರಿ ಕೆರೆಯಲ್ಲಿ ರಾತ್ರಿಯಿಡೀ ಲೂನ್ ಹಕ್ಕಿಗಳ ಕೂಗು. ರೇನ್‌ಬೋ ಲೆಜಸ್ ಬಂಡೆಗಳ ಮೇಲೆ ಕಾಡು ಬ್ಲೂಬೆರಿ ಇನ್ನೂ ಉಳಿದಿತ್ತು, ಹುರಿಹಿಟ್ಟಿಗೆ ಬೆರೆಸಿ ತಿಂದೆವು.

ಏಬಲ್ ಸೇತುವೆಯ ಬಳಿ ಅಂಗಡಿ ಸಿಗುತ್ತದೆ. ಆದರೆ ಕಟಾಡಿನ್ ಏರುವವರು ಆ ಶಿಖರವಿರುವ ಬ್ಯಾಕ್ಸ್‌ಟರ್ ಪಾರ್ಕಿನ ನಿಯಮಗಳನ್ನು ಮಾನ್ಸನ್ ಬಿಡುವ ಮೊದಲೇ ಓದಿಕೊಂಡಿರಬೇಕು. ನೂರು ಮೈಲಿ ನಡೆದು ಬಂದವರಿಗೆ ಅಂತ ಮೀಸಲಿಟ್ಟ ಬರ್ಚಸ್ ತಂಗುದಾಣದಲ್ಲಿ ದಿನಕ್ಕೆ 12 ಜನಕ್ಕಷ್ಟೇ ಜಾಗ. ಪಾರ್ಕಿನೊಳಗೆ ನಾಯಿಗೆ ಪ್ರವೇಶವಿಲ್ಲ. ಸಂಜೆಗೆ ಸೇತುವೆ ಮುಟ್ಟಿದವರಿಗೆ ಬರ್ಚಸ್‌ನಲ್ಲಿ ಜಾಗ ತುಂಬಿಹೋಗಿರಬಹುದು. ಅದಕ್ಕೇ ನಾವು ಹಿಂದಿನ ರಾತ್ರಿ ಹರ್ಡ್ ಬ್ರೂಕ್ ತಂಗುದಾಣದಲ್ಲಿ ಮಲಗಿ, ಉಳಿದ ಐದಾರು ಕಿ.ಮೀ. ಬೆಳಗಿನ ಜಾವವೇ ನಡೆದು ಮುಗಿಸಿದೆವು.